ಮೊದಲು ಬಡಿದ ರೊಟ್ಟಿ

ಅವರ ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿಗಳಲ್ಲಿ ಚರ್ಮ ಹಳದಿಗೆ ತಿರುಗಿ ಗಟ್ಟಿಯಾಗಿತ್ತು. ಕಾದ ಹಂಚಿನ ಮೇಲೆ ಜೋಳದ ರೊಟ್ಟಿಯನ್ನು ಬರಿಗೈಯಿಂದ ತಿರುವಿ ತಿರುವಿ ಆದದ್ದು. ಆ ಬೆರಳು ಕೀಬೋರ್ಡಿನ ಮೇಲೆ ಬಿದ್ದರೆ ಟಕ್ಕೆಂದು ಸದ್ದಾಗುತ್ತಿತ್ತು. ಲ್ಯಾಬಿನ ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತವರೂ ಈಗ ಟೈಪ್ ಮಾಡುತ್ತಿರುವವರು ಮೇಡಂ ಎಂದು ಹೇಳಿಬಿಡಬಹುದಿತ್ತು. ನಾವೆಲ್ಲ ಓಢಣಿಯ ಸೆರಗು ಸುತ್ತಿ ಹಿಡಿಯುತ್ತಿದ್ದ ಚಹಾದ ಸ್ಟೀಲ್ ಲೋಟವನ್ನು ಅವರು ಹಾಗೆಯೇ ಹಿಡಿದುಕೊಂಡು ನಿಂತಿರುತ್ತಿದ್ದರು. "ನನ್ನ ಬೆರಳಿಗಿ ಬಿಸಿ ತಿಳಿಯೋದು ಯಾವಾಗೋ ಬಿಟ್ಟದ," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಕಲಬುರಗಿಯಲ್ಲಿ ಕುಸನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಕಾಲೇಜು. ಅಲ್ಲಿ ನಾನು ಬಿಸಿಎ ಓದುವಾಗ ಅವರು ನಮ್ಮ ಕಂಪ್ಯೂಟರ್ ಲ್ಯಾಬಿನ ಮೇಡಂ. ಮನೆ ಕಮಲಾಪುರದಲ್ಲಿ. ಮನೆಯಲ್ಲಿ ಮೋಟರ್ ಪಂಪು ರಿಪೇರಿ ಮಾಡುವ ಗಂಡ, ವಯಸ್ಸಾದ ಅತ್ತೆ. ಈಗ ಅದೇ ಲ್ಯಾಬಿನಲ್ಲಿ ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಲ್ಲುತ್ತೇನೆ. ಅವರು ಹೇಳಿಕೊಟ್ಟದ್ದನ್ನೇ ಬೇರೆ ಮಕ್ಕಳಿಗೆ ಹೇಳುತ್ತೇನೆ. ಕಲಿಸಿದವರ ಋಣ ಎಲ್ಲರಿಗೂ ಇರುತ್ತದೆ, ಅದನ್ನು ಹೇಗೋ ಹೊತ್ತುಕೊಂಡು ನಡೆಯಬಹುದು. ಆದರೆ ಅವರದೊಂದು ಮಂಗಳವಾರವನ್ನು ನಾನು ಬೇಡಿ ತೆಗೆದುಕೊಂಡೆ. ಅದನ್ನು ಹೊರುವುದು ನನಗೆ ಇನ್ನೂ ಬಂದಿಲ್ಲ. ಈ ನಾಲ್ಕು ಮಾತು ಬರೆಯಲು ಕುಳಿತದ್ದು ಅದಕ್ಕೇ.

ನಮ್ಮೂರು ಮಹಾಗಾಂವ. ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸು ನಮ್ಮ ಕ್ರಾಸಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಾನು ಮೊದಲ ಕೆಲವು ದಿನ ಕಂಬ ಹಿಡಿದು, ಯಾರದೋ ಹಾಲಿನ ಕ್ಯಾನಿನ ಮೇಲೆ ಬೀಳುತ್ತಾ ಏಳುತ್ತಾ ಬಂದೆ. ಒಂದು ದಿನ ಮುಂದಿನಿಂದ ಯಾರೋ ಕೂಗಿದರು: "ಏ ಮಹಾಗಾಂವ, ಇಲ್ಲಿ ಬಾ." ಮೇಡಂ ಕಿಟಕಿಯ ಪಕ್ಕ ಕುಳಿತಿದ್ದರು. ಪಕ್ಕದ ಸೀಟಿನ ಮೇಲೆ ಅವರ ಕಪ್ಪು ಚೀಲ ಕುಳಿತಿತ್ತು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ನನಗೆ ಜಾಗ ಕೊಟ್ಟರು.

ಅಂದಿನಿಂದ ಕೊನೆಯ ವರ್ಷದ ತನಕ ಆ ಸೀಟು ನನ್ನದು. ಕಮಲಾಪುರದಿಂದ ನಮ್ಮ ಕ್ರಾಸಿನ ತನಕ ಎಷ್ಟು ಮಂದಿ ಆ ಚೀಲದ ಜೊತೆ ಜಗಳ ಆಡಿದರೋ ಗೊತ್ತಿಲ್ಲ. ಕಂಡಕ್ಟರೇ ಒಮ್ಮೆ ನನ್ನ ಮುಂದೆ ಗೊಣಗಿದ: "ಈ ಮೇಡಮ್ಮೋರ ಚೀಲಕ್ಕ ನಾನೇ ಒಂದು ಟಿಕೆಟ್ ಹರೀಬೇಕು." ಮೇಡಂ ತಲೆ ಎತ್ತದೆ ಹೇಳಿದರು, "ಬರೋರು ಇದ್ದಾರಂದ್ರ ಜಾಗ ಮೊದಲೇ ಇಟ್ಟಿರಬೇಕಪ್ಪ."

ಹೆಸರು ಹಿಡಿದು ಕರೆಯುವುದು ಅವರಿಗೆ ಒಗ್ಗದು. ಯಾವ ಸ್ಟಾಪಿನಲ್ಲಿ ಹತ್ತುತ್ತೀರೋ ಅದೇ ನಿಮ್ಮ ಹೆಸರು. ನಾನು ಮಹಾಗಾಂವ, ನನ್ನ ಗೆಳತಿ ಶಹಾಬಜಾರ. ಹಾಜರಿ ಕೂಗುವಾಗ ಬಸ್ ಸ್ಟ್ಯಾಂಡಿನ ಮೈಕು ಕೇಳಿದ ಹಾಗಾಗುತ್ತಿತ್ತು. ಊರಿನ ಹೆಸರಿಗೆ ನಾಚುತ್ತಿದ್ದ ನಮ್ಮಂಥವರು ಅವರ ಬಾಯಿಂದ ಕೇಳಿ ಕೇಳಿ ನಾಚುವುದನ್ನೇ ಮರೆತೆವು. ಕಮಲಾಪುರದ ಕೆಂಪು ಬಾಳೆಹಣ್ಣು ತಂದರೆ ಸ್ಟಾಫ್ ರೂಮಿಗಿಂತ ಮೊದಲು ಲ್ಯಾಬಿಗೆ ಬರುತ್ತಿತ್ತು. ಸಿಟ್ಟು ಬಂದರೆ ಒಂದು ಮಾತೂ ಆಡದೆ ನಮ್ಮ ಮಾನಿಟರಿನ ಸ್ವಿಚ್ ಆರಿಸಿ ಹೋಗಿಬಿಡುತ್ತಿದ್ದರು. ಬಯ್ದಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು.

ಸ್ಟ್ಯಾಕ್ ಪಾಠ ಶುರು ಮಾಡಿದ ದಿನ ಅವರು ಬೋರ್ಡಿನ ಕಡೆ ತಿರುಗಲೇ ಇಲ್ಲ. ನಮ್ಮ ಪುಸ್ತಕ ಇಂಗ್ಲಿಷಿನದು, ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕನ್ನಡ ಶಾಲೆಯಿಂದ ಬಂದವರು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಕೇಳಿದರು:

"ಮನಿಯಾಗ ರೊಟ್ಟಿ ಬಡದು ಎಲ್ಲಿ ಇಡ್ತೀರಿ?"

"ಬುಟ್ಟ್ಯಾಗ್ರಿ."

"ಎರಡನೇದು?"

"ಅದರ ಮ್ಯಾಲ್ರಿ."

"ಉಣ್ಣಾಕ ಕುಂತೋರಿಗಿ ಯಾವುದು ತಗದು ಕೊಡ್ತೀರಿ?"

"ಮ್ಯಾಲಿಂದು. ಅದು ಬಿಸಿ ಇರ್ತದ್ರಿ. ತಳದಾಗಿಂದ ಎಳದ್ರ ಮುರೀತದ."

"ಹಂಗಾರ ಮೊದಲ ಬಡದ ರೊಟ್ಟಿ ಕಡೀಕ ಯಾರ ಪಾಲಿಗಿ ಬರ್ತದ?"

ಮೊದಲ ರೊಟ್ಟಿ ಯಾವಾಗಲೂ ಅಷ್ಟಕ್ಕಷ್ಟೆ. ಹಂಚು ಇನ್ನೂ ಸರಿಯಾಗಿ ಕಾದಿರುವುದಿಲ್ಲ, ರೊಟ್ಟಿ ಬೆಳ್ಳಗೆ ಉಳಿದು ಅಂಚು ಸೀಳುತ್ತದೆ. ನನಗೆ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಳ್ಳುವ ಅವ್ವ ಕಂಡಳು. "ನಮ್ಮವ್ವನ ಪಾಲಿಗ್ರೀ," ಎಂದೆ. "ಆಕಿನೇ ಬಡೀತಾಳ, ಆಕಿನೇ ಕಡೀಕ ಉಣ್ತಾಳ."

ಮೇಡಂ ನನ್ನನ್ನೇ ನೋಡಿದರು. "ಬರಕೋರಿ," ಎಂದರು. "ಮೊದಲ ಹೋದದ್ದು ಕಡೀಕ ಬರ್ತದ, ಕಡೀಕ ಹೋದದ್ದು ಮೊದಲ ಬರ್ತದ. ಇದಕ್ಕ ಸ್ಟ್ಯಾಕ್ ಅಂತಾರ. ಮ್ಯಾಲ ಇಡೋದಕ್ಕ ಪುಶ್, ಮ್ಯಾಲಿಂದ ತಗಿಯೋದಕ್ಕ ಪಾಪ್. ಇನ್ನೇನೂ ಇಲ್ಲ ಇದರಾಗ."

ಮುಂದಿನ ವಾರ ಅದನ್ನು ಅರೇಯಲ್ಲಿ ಬರೆಯುವುದು ಕಲಿಸಿದರು. ಅರೇ ಎಂದರೆ ಕಂಪ್ಯೂಟರಿನ ನೆನಪಿನಲ್ಲಿ ಸಾಲಾಗಿ ಹಿಡಿದಿಟ್ಟುಕೊಂಡ ಮನೆಗಳು. ನಾಲ್ಕು ಮನೆ ಹಿಡಿದರೆ ನಾಲ್ಕೇ. ಐದನೆಯದು ಬಂದರೆ 'ಸ್ಟ್ಯಾಕ್ ತುಂಬಿದೆ' ಎಂದು ತೋರಿಸುವ ಒಂದು ಸಾಲು ಬರೆಯಬೇಕು. ನಾವು ಅದನ್ನು ಬರೆದು ಮುಗಿಸಿ ಹೊಳೆ ದಾಟಿದವರ ಹಾಗೆ ಕುಳಿತಿದ್ದಾಗ ಅವರು ಬೋರ್ಡಿನ ಮೇಲಿದ್ದ ಆ ಸಾಲಿನ ಮೇಲೆ ಗೀಟು ಎಳೆದುಬಿಟ್ಟರು.

"ಮನಿಗಿ ಬಂದ ಬೀಗರಿಗಿ ಬುಟ್ಟಿ ತುಂಬ್ಯಾದ, ನಿಮಗ ರೊಟ್ಟಿ ಇಲ್ಲ ಅಂತೀರೇನು? ತುಂಬ್ತಂದ್ರ ಎರಡು ಪಟ್ಟು ದೊಡ್ಡದು ತಗೋರಿ. ಹಳೇದೆಲ್ಲ ಅದಕ್ಕ ಸರಿಸ್ರಿ. ಹೊಸಾದು ಮ್ಯಾಲ ಇಡ್ರಿ."

ಎರಡು ಪಟ್ಟು ಯಾಕೆ, ಒಂದು ಮನೆ ಹೆಚ್ಚಿಸಿದರೆ ಸಾಲದೇ ಎಂದು ಶಹಾಬಜಾರ ಕೇಳಿದಳು. "ಒಂದೇ ಹೆಚ್ಚಿಗಿ ಮಾಡಿದ್ರ ಮುಂದಿನ ರೊಟ್ಟಿಗಿ ಮತ್ತ ಬುಟ್ಟಿ ಬದಲಿ. ಅದರ ಮುಂದಿಂದಕ್ಕ ಮತ್ತ ಬದಲಿ. ರೊಟ್ಟಿ ಬಡಿಯೋದು ಬಿಟ್ಟು ಬುಟ್ಟಿ ಬದಲಿ ಮಾಡ್ಕೋತ ಕೂಡ್ತಿಯೇನು? ಒಮ್ಮಿಗೇ ದೊಡ್ಡದು ಮಾಡ್ಕೊಂಡ್ರ ನಾಕು ದಿನ ನಿಶ್ಚಿಂತಿ."

'ತುಂಬ್ತಂದ್ರ ದೊಡ್ಡದು ಮಾಡ್ಕೋ' ಎನ್ನುವುದು ಆ ಮೇಲೆ ನಮ್ಮಲ್ಲಿ ತಮಾಷೆಯ ಮಾತಾಯಿತು. ಬಸ್ಸಿನಲ್ಲಿ, ಟಂಟಂ ಆಟೋದಲ್ಲಿ, ಡಬ್ಬಿಯಲ್ಲಿ ಪಲ್ಲೆ ಹೆಚ್ಚಾದಾಗ, ಎಲ್ಲಕ್ಕೂ ಅದೇ. ಮೇಡಂ ಮಾತ್ರ ಅದನ್ನು ತಮಾಷೆಗೆ ಹೇಳಿದವರಲ್ಲ. ಅವರು ಬದುಕುತ್ತಿದ್ದದ್ದೇ ಹಾಗೆ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಅತ್ತೆಯ ಸ್ನಾನ ಮುಗಿಸಿ ಬಸ್ಸು ಹತ್ತುತ್ತಿದ್ದರು. ಕಾಲೇಜಿನಲ್ಲಿ ಲ್ಯಾಬಿನ ಜೊತೆಗೆ ಪ್ರವೇಶದ ಅರ್ಜಿ, ಪರೀಕ್ಷೆಯ ಹಾಲ್ ಟಿಕೆಟ್ಟು, ಕೆಟ್ಟ ಪ್ರಿಂಟರು, ಬಿಟ್ಟುಹೋದ ಇನ್ನೊಬ್ಬರ ಕ್ಲಾಸು, ಎಲ್ಲವೂ ಅವರ ಮೇಜಿಗೇ ಬರುತ್ತಿದ್ದವು. ಒಮ್ಮೆಯೂ ತುಂಬಿದೆ ಎಂದವರಲ್ಲ. "ಅಲ್ಲಿಡು, ನೋಡ್ತೇನಿ," ಎನ್ನುತ್ತಿದ್ದರು.

ಇನ್ನು ನನ್ನ ಕಥೆ. ಪ್ರಾಕ್ಟಿಕಲ್ ಪರೀಕ್ಷೆಗೆ ನಾನು ಮೊದಲನೆಯ ಪ್ರೋಗ್ರಾಮನ್ನು, ಅಂದರೆ ನಾಲ್ಕೇ ಮನೆಯ ಸ್ಟ್ಯಾಕನ್ನು, ಬಾಯಿಪಾಠ ಮಾಡಿಕೊಂಡು ಹೋದೆ. ಎರಡನೆಯದು ಉದ್ದವಾಗಿತ್ತು, ಅದನ್ನು ಕೇಳಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪರದೆ ನೋಡಿ, "ಐದನೆಯದು ಬಂದರೆ ಏನು ಮಾಡುತ್ತೀಯಮ್ಮ?" ಎಂದರು. ನಾನು ಎದ್ದು ನಿಂತು, "ಬರಂಗಿಲ್ರಿ ಸರ್," ಎಂದೆ. ಪಕ್ಕದ ಸಾಲಿನವರೆಲ್ಲ ನಕ್ಕರು. ಆ ವಿಷಯದಲ್ಲಿ ನಾನು ಫೇಲಾದೆ.

ಫೇಲಾದದ್ದಕ್ಕಿಂತ ದೊಡ್ಡ ತಪ್ಪನ್ನು ಊರಿಗೆ ಹೋಗಿ ಮಾಡಿದೆ. ಫಲಿತಾಂಶ ಬಂದ ದಿನ ಅಪ್ಪ ಟೆಂಪೊ ನಿಲ್ಲಿಸಿ ಇಳಿದವನೇ "ಏನಾಯ್ತು?" ಎಂದ. ಅವನ ಹಿಂದೆ ಇಬ್ಬರು ಪ್ಯಾಸೆಂಜರುಗಳು ಸಹ ಉತ್ತರಕ್ಕೆ ಕಾಯುತ್ತಿದ್ದರು. ನಮ್ಮ ಓಣಿಯಲ್ಲಿ ಕಂಪ್ಯೂಟರ್ ಓದಲು ಹೋದವಳು ನಾನೊಬ್ಬಳೇ. "ಪಾಸ್," ಎಂದುಬಿಟ್ಟೆ. ಅವ್ವ ಅಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಒಂದೊಂದು ಮನೆಯ ಬಾಗಿಲಿಗೆ ಅವಳು ಸಕ್ಕರೆ ತಟ್ಟೆ ಹಿಡಿದು ಹೋಗುವುದನ್ನು ನಾನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಒಂದು ಕೂಗು ಹಾಕಿ ಅವಳನ್ನು ನಿಲ್ಲಿಸಬಹುದಿತ್ತು.

ನಿಜ ಗೊತ್ತಿದ್ದದ್ದು ಮೇಡಂ ಒಬ್ಬರಿಗೇ. ಬಸ್ಸಿನಲ್ಲಿ ಅಳುತ್ತಾ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಲೇ, "ಸುಳ್ಳು ಹೇಳಿದಿ, ಈಗ ಅದನ್ನ ಖರೇ ಮಾಡು," ಎಂದರು. ಆರು ತಿಂಗಳಿಗೆ ಮರುಪರೀಕ್ಷೆ ಬಂತು. ಎರಡನೆಯ ಸಲವೂ ಫೇಲಾದರೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲ, ಸಕ್ಕರೆ ತಿಂದವರಿಗೆಲ್ಲ ಸುದ್ದಿ ತಿಳಿಯುತ್ತದೆ. ಅವ್ವ ಆ ಬಾಗಿಲುಗಳ ಮುಂದೆ ಮತ್ತೆ ಹೇಗೆ ಹಾದುಹೋಗುತ್ತಾಳೆ ಎನ್ನುವುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಪರೀಕ್ಷೆ ಬುಧವಾರ. ಸೋಮವಾರ ಸಂಜೆ ನಾನು ಅವರ ಮೇಜಿನ ಮುಂದೆ ನಿಂತು, "ನಾಳಿ ಒಂದಿನ ನನಗ ಲ್ಯಾಬ್ ತಗದು ಕೊಡ್ರಿ ಮೇಡಂ, ನೀವು ಕುಂತು ನೋಡ್ರಿ," ಎಂದು ಬೇಡಿದೆ. ಮಂಗಳವಾರ ಅವರು ರಜೆ ಹಾಕಿದ್ದಾರೆಂದು ನನಗೆ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಬಾ," ಎಂದರು.

ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಚೀಲವನ್ನು ಸೀಟಿನಿಂದ ಎತ್ತಿಕೊಳ್ಳುವಾಗ ಅದರೊಳಗಿಂದ ಒಂದು ಫೈಲು ಜಾರಿ ನನ್ನ ಕಾಲ ಮೇಲೆ ಬಿತ್ತು. ದವಾಖಾನೆಯ ಫೈಲು. ಮೇಲೆ ಅಂಟಿಸಿದ ಚೀಟಿಯಲ್ಲಿ ಅಂದಿನ ತಾರೀಕು, ಬೆಳಿಗ್ಗೆ ಹತ್ತು ಗಂಟೆ ಎಂದಿತ್ತು. ನಾನು ಅದನ್ನು ಎತ್ತಿ ಕೊಡುತ್ತಾ ಕೇಳಿದೆ:

"ಇವತ್ತ ದವಾಖಾನಿಗಿ ಹೋಗೋದಿತ್ತೇನ್ರಿ?"

"ಮುಂದಿನ ವಾರ ಹೋದ್ರಾಯ್ತು. ಏನೋ ಒಂದು ಗಂಟು ಆಗ್ಯಾದ, ತುಂಡು ತಗದು ಪರೀಕ್ಷಾ ಮಾಡ್ತಾರಂತ. ದವಾಖಾನಿ ಎಲ್ಲಿಗಿ ಓಡಿ ಹೋಗ್ತದ?"

ನಾನು "ಹೌದ್ರಿ" ಎಂದೆ. ಆಗ ನನಗಾದದ್ದು ಏನು ಎಂದು ಇವತ್ತು ಮುಚ್ಚಿಡದೆ ಹೇಳುತ್ತೇನೆ. ನನಗೆ ಸಮಾಧಾನವಾಯಿತು. ಎಲ್ಲಿ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ದವಾಖಾನೆಯ ಕಡೆ ಇಳಿದುಬಿಡುತ್ತಾರೋ ಎಂದು ಒಂದು ಗಳಿಗೆ ಹೆದರಿದ್ದೆ. ಅವರು ಫೈಲನ್ನು ಚೀಲದ ತಳಕ್ಕೆ ಹಾಕಿ, ಅದರ ಮೇಲೆ ನನ್ನ ಲ್ಯಾಬಿನ ರೆಕಾರ್ಡ್ ಪುಸ್ತಕ ಇಟ್ಟು, ಅದರ ಮೇಲೆ ಡಬ್ಬಿ ಇಟ್ಟು ಜಿಪ್ ಎಳೆದರು.

ಅಂದು ಲ್ಯಾಬಿನಲ್ಲಿ ನಾವಿಬ್ಬರೇ. ನಾನು ಬರೆದೆ. ನಾಲ್ಕು ಮನೆಯ ಅರೇ, ತುಂಬಿದಾಗ ಎಂಟರದು. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಇಟ್ಟೆ. ಐವತ್ತು ಇಡುವಾಗ ಅರೇ ದೊಡ್ಡದಾಯಿತು. ಎಲ್ಲಿಯೂ ನಿಲ್ಲಲಿಲ್ಲ. ಹಿಗ್ಗಿನಿಂದ ಒಂದೊಂದೇ ತೆಗೆಯತೊಡಗಿದೆ. ಮೊದಲು ಐವತ್ತು ಬಂತು, ಸರಿ. ಆಮೇಲೆ ನಲವತ್ತು ಬರಬೇಕಿತ್ತು, ಹತ್ತು ಬಂತು. ಮೂರು ಸಲ ಓಡಿಸಿದೆ, ಮೂರು ಸಲವೂ ಹತ್ತೇ.

ಮೇಡಂ ನನ್ನ ಸಾಲುಗಳನ್ನು ಓದಿದರು. ಡಬ್ಬಿ ತೆಗೆದರು. ದಿನವಿಡೀ ಇರಬೇಕೆಂದು ಇಬ್ಬರಿಗೂ ಆಗುವಷ್ಟು ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ತಂದಿದ್ದರು. ಡಬ್ಬಿಯ ಮುಚ್ಚಳದ ಮೇಲೆ ನಾಲ್ಕು ರೊಟ್ಟಿ ಒಂದರ ಮೇಲೊಂದು ಇಟ್ಟರು. ಎಲ್ಲಕ್ಕಿಂತ ಕೆಳಗಿನದು ಬೆಳ್ಳಗೆ, ಅಂಚು ಸೀಳಿದ್ದು. ಚಹಾದ ದೊಡ್ಡ ತಟ್ಟೆಯನ್ನು ಪಕ್ಕಕ್ಕೆ ಎಳೆದು, "ಇದು ಸಣ್ಣದಾಯ್ತು. ದೊಡ್ಡದಕ್ಕ ಸರಸು. ನೀ ಬರದಂಗೇ ಸರಸು," ಎಂದರು.

ನಾನು ಮೇಲಿನದನ್ನು ತೆಗೆದು ತಟ್ಟೆಗೆ ಹಾಕಿದೆ. ಅದರ ಮೇಲೆ ಎರಡನೆಯದು, ಮೂರನೆಯದು. ಕೊನೆಗೆ ಆ ಬಿಳಿಯ ರೊಟ್ಟಿ ಎಲ್ಲಕ್ಕಿಂತ ಮೇಲೆ ಬಂದು ಕುಳಿತಿತು.

"ಈಗ ಮೊದಲ ಉಣ್ಣಾಕ ಕುಂತೋರಿಗಿ ಯಾವುದು ಹೋಗ್ತದ?"

"ಮೊದಲ ಬಡದದ್ದು ಹೋಗ್ತದ್ರಿ."

"ಮತ್ತ ಬಿಸೀದು?"

"ತಳದಾಗ ಉಳೀತು. ಕಡೀಕ ಉಣ್ಣೋರಿಗಿ."

"ಅಂದ್ರ ನಿಮ್ಮವ್ವ ಬಿಸಿ ರೊಟ್ಟಿ ಉಂಡ್ಲು," ಎಂದು ಮೇಡಂ ನಕ್ಕರು. ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. "ಮನಿಯಾಗ ಹಿಂಗಾದ್ರ ಛಲೋನೇ. ಪ್ರೋಗ್ರಾಮಿನ್ಯಾಗ ತಪ್ಪು. ಸರಸೋವಾಗ ಮ್ಯಾಲಿಂದ ಹಿಡೀಬ್ಯಾಡ, ತಳದಿಂದ ಹಿಡಿ. ತಳದ ಮನಿ ಅಂದ್ರ ಸೊನ್ನೀ ಮನಿ, ಸೊನ್ನೀ ಮನಿಯಾಗಿಂದು ಸೊನ್ನೀ ಮನಿಗೇ ಹೋಗಬೇಕು. ಬುಟ್ಟಿ ದೊಡ್ಡದಾಯ್ತಂತ ಯಾರ ಜಾಗಾನೂ ಬದಲಿ ಆಗಬಾರದು."

ಒಂದು ಸಾಲು ತಿದ್ದಿದೆ. ಐವತ್ತರ ಹಿಂದೆ ನಲವತ್ತು ಬಂತು. ಆಮೇಲೆ ಸಂಜೆಯ ತನಕ ಎಂಟನ್ನು ಹದಿನಾರು ಮಾಡಿಸಿದರು, ಹದಿನಾರನ್ನು ಮೂವತ್ತೆರಡು ಮಾಡಿಸಿದರು. ಊಟದ ಹೊತ್ತಿಗೆ ಮಾತ್ರ ನಾನು ಕೈ ತೊಳೆದು ಬರುವಷ್ಟರಲ್ಲಿ ತಟ್ಟೆಯನ್ನು ಮತ್ತೆ ಮೊದಲಿನ ಹಾಗೆ ಮಾಡಿದ್ದರು. ಮೇಲಿನ ಮೆತ್ತನೆಯವು ನನಗೆ, ಬಿಳಿಯದು ಅವರಿಗೆ. ನಾನು ಗಮನಿಸಿದೆ. ಗಮನಿಸಿಯೂ ತಿಂದೆ.

ಬುಧವಾರ ಪರೀಕ್ಷಕರು ಅದನ್ನೇ ಕೇಳಿದರು. ಯಾಕೆ ಎರಡು ಪಟ್ಟು ಎಂದೂ ಕೇಳಿದರು. ಬುಟ್ಟಿಯ ಕಥೆಯನ್ನೇ ಪುಸ್ತಕದ ಮಾತಿಗೆ ತಿರುಗಿಸಿ ಹೇಳಿದೆ. ಪಾಸಾದೆ. ಅವ್ವನ ಸಕ್ಕರೆ ಆರು ತಿಂಗಳ ನಂತರ ನಿಜವಾಯಿತು, ಅವಳಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಮುಂದಿನ ವಾರ ಮೇಡಂ ದವಾಖಾನೆಗೆ ಹೋಗಲಿಲ್ಲ. ಆ ವಾರ ಅತ್ತೆಯ ಕಣ್ಣಿನ ಆಪರೇಷನ್ ಇತ್ತು. ಅದರ ಮುಂದೆ ಉತ್ತರಪತ್ರಿಕೆಗಳು ಬಂದವು. ಆಮೇಲೆ ಹೊಸ ವರ್ಷದ ಪ್ರವೇಶ. ಆಮೇಲೆ ನನ್ನ ಹಾಗೆಯೇ ಫೇಲಾದ ಇನ್ನಾರೋ ಅವರ ಮೇಜಿನ ಮುಂದೆ ನಿಂತರು. ಪ್ರತಿ ಸಲ ಅವರು ಚೀಲ ಎತ್ತಿಕೊಂಡಾಗ ಆ ಫೈಲಿನ ಅಂಚು ನನಗೆ ಕಾಣುತ್ತಿತ್ತು. ಅದರ ಮೇಲಿನ ಸರಕು ಬದಲಾಗುತ್ತಿತ್ತು, ಫೈಲು ತಳದಲ್ಲೇ ಇರುತ್ತಿತ್ತು. "ಹೋಗಿ ಬಂದ್ರೇನ್ರಿ?" ಎಂದು ಎರಡು ಸಲ ಕೇಳಿದ್ದೇನೆ. "ಹೋಗ್ತೇನಿ" ಎಂದರು. ಮೂರನೆಯ ಸಲ ಕೇಳಲಿಲ್ಲ. ಕೇಳಿದರೆ ನಾನು ಬೇಡಿದ ಆ ಮಂಗಳವಾರದ ಮಾತು ಬರುತ್ತದೆಂದು ಹೆದರಿದೆ.

ನಾನು ಕೊನೆಯ ವರ್ಷದಲ್ಲಿದ್ದಾಗ ಒಂದು ಬೆಳಿಗ್ಗೆ ಬಸ್ಸು ಕ್ರಾಸಿಗೆ ಬಂದಾಗ ಕಿಟಕಿಯ ಪಕ್ಕದ ಸೀಟಿನಲ್ಲಿ ಬೇರೆ ಯಾರೋ ಕುಳಿತಿದ್ದರು. ಅವರ ಪಕ್ಕದಲ್ಲಿಯೂ ಬೇರೆ ಯಾರೋ. ಕಂಡಕ್ಟರು ಟಿಕೆಟ್ ಹರಿಯುತ್ತಾ, "ನಿಮ್ಮ ಮೇಡಮ್ಮೋರಿಗಿ ಭಾಳ ಆರಾಮಿಲ್ಲಂತ ತಂಗಿ. ಹೈದರಾಬಾದಿಗಿ ಕರಕೊಂಡು ಹೋಗ್ಯಾರ," ಎಂದ. ನಾನು ಕಂಬ ಹಿಡಿದು ನಿಂತೆ. ಗಂಟು ಈಗ ಒಂದು ಕಡೆ ಇಲ್ಲ, ಮೈಯೆಲ್ಲ ಹಬ್ಬಿದೆ ಎಂದು ಕಾಲೇಜಿನಲ್ಲಿ ಗೊತ್ತಾಯಿತು. ಮೊದಲೇ ಬಂದಿದ್ದರೆ ತೆಗೆದುಬಿಡಬಹುದಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಮೊದಲೇ ಎಂದರೆ ಯಾವಾಗ ಎಂದು ನಾನು ಯಾರನ್ನೂ ಕೇಳಲಿಲ್ಲ.

ಅವರು ಕಮಲಾಪುರಕ್ಕೆ ವಾಪಸ್ ಬಂದ ಮೇಲೆ ನೋಡಲು ಹೋದೆ. ಮಂಚದ ಮೇಲೆ ಅರ್ಧದಷ್ಟಾಗಿದ್ದರು. ಕೂದಲು ಹೋಗಿ ತಲೆಗೆ ಹತ್ತಿಯ ಬಟ್ಟೆ ಕಟ್ಟಿದ್ದರು. "ಮಹಾಗಾಂವ ಬಂತೇನು?" ಎಂದರು, ಬಸ್ಸಿನಲ್ಲಿ ಸ್ಟಾಪು ಬಂತೇ ಎಂದು ಕೇಳುವವರ ಹಾಗೆ. ನಾನು ಅವರ ಕೈ ಹಿಡಿದೆ. ಆ ಎರಡು ಬೆರಳಿನ ತುದಿ ಮೆತ್ತಗಾಗಿತ್ತು. ಅಷ್ಟು ತಿಂಗಳು ಹಂಚಿನ ಹತ್ತಿರ ಹೋಗದೆ ಗಟ್ಟಿ ಚರ್ಮ ಬಿದ್ದುಹೋಗಿ, ಒಳಗಿನಿಂದ ಎಳೆಯ ಚರ್ಮ ಬಂದಿತ್ತು. ನನಗೆ ದುಃಖ ತಡೆಯದಾಯಿತು.

"ಆ ಮಂಗಳವಾರ ನಾ ಕೇಳಬಾರದಿತ್ರೀ ಮೇಡಂ."

ಅವರಿಗೆ ಯಾವ ಮಂಗಳವಾರ ಎಂದು ತಿಳಿಯಲು ತಡವಾಗಲಿಲ್ಲ. "ಅದೊಂದೇ ಏನು. ಆ ಫೈಲಿನ ಮ್ಯಾಲ ಭಾಳ ಬಿದ್ದಾವ. ನಿಂದು ಎಲ್ಲೋ ನಡುವ ಇರ್ತದ, ಯಾಕ ಹುಡುಕ್ತಿ?" ಎಂದರು. ಆಮೇಲೆ ಕಣ್ಣು ಮುಚ್ಚಿ, ನಿಧಾನವಾಗಿ, "ತುಂಬ್ಯಾದ ಅನ್ನೋ ಸಾಲು ನಾ ಅಳಿಸಬಾರದಿತ್ತು ನೋಡು," ಎಂದರು.

ನನ್ನ ಸಮಾಧಾನಕ್ಕೆಂದು ಅವರು ಆಡಿದ ಮಾತು ಅದು. ಆದರೆ ಅವರೇ ಕಲಿಸಿದ ಲೆಕ್ಕ ನನಗೆ ಬರುತ್ತದೆ. ಬುಟ್ಟಿ ಎಷ್ಟು ಸಲ ದೊಡ್ಡದಾದರೂ ಯಾರ ಜಾಗವೂ ಬದಲಾಗುವುದಿಲ್ಲ. ಎಲ್ಲಕ್ಕಿಂತ ತಳದಲ್ಲಿ ದವಾಖಾನೆಯ ಫೈಲು. ಅದರ ಮೇಲೆ ಮೊದಲು ಬಂದು ಕುಳಿತದ್ದು ನನ್ನ ರೆಕಾರ್ಡ್ ಪುಸ್ತಕ. ನಡುವೆ ಅಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ.

ಮಧ್ಯಾಹ್ನ ನಾನೇ ಅವರ ಅಡುಗೆಮನೆಯಲ್ಲಿ ಕುಳಿತು ರೊಟ್ಟಿ ಬಡಿದೆ. ಬುಟ್ಟಿಯಿಂದ ತೆಗೆಯದೆ, ಹಂಚಿನಿಂದ ಇಳಿದ ರೊಟ್ಟಿಯನ್ನು ನೇರವಾಗಿ ತಟ್ಟೆಗೆ ಹಾಕಿ, ಹಾಲಿನಲ್ಲಿ ಮುರಿದು ಕಲಸಿ ತಂದೆ. ಎರಡು ತುತ್ತು ಬಾಯಿಗೆ ಹಾಕಿಕೊಂಡರು. ಬೆರಳನ್ನು ತಟ್ಟನೆ ಹಿಂದೆ ಎಳೆದುಕೊಂಡರು. "ಬಿಸಿ ಅದಲ್ಲ," ಎಂದರು. ಎಷ್ಟೋ ವರ್ಷಗಳ ನಂತರ ಬೆರಳಿಗೆ ಬಿಸಿ ತಿಳಿದದ್ದು ಅವರಿಗೇ ಆಶ್ಚರ್ಯವಾದಂತಿತ್ತು. ನುಂಗಲು ಆಗಲಿಲ್ಲ, ಉಳಿದದ್ದನ್ನು ನಾನು ಒಳಗೆ ತೆಗೆದುಕೊಂಡು ಹೋದೆ.

ಹದಿನೈದು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ನಮ್ಮ ಲ್ಯಾಬಿನ ಹಳೆಯ ಮಕ್ಕಳೆಲ್ಲ ಬಂದಿದ್ದರು. ಹೆಸರಿಗಿಂತ ಹೆಚ್ಚಾಗಿ ಸ್ಟಾಪುಗಳಿಂದ ಗುರುತಾಗುವ ನಾವು ಒಬ್ಬರನ್ನೊಬ್ಬರು ಹಾಗೆಯೇ ಕರೆದುಕೊಂಡು, ಹಾಗೆಯೇ ಅತ್ತೆವು.

ಮೂರನೆಯ ದಿನ ಬೀಗರು ಬಿಜ್ಜರು ಬಂದರು. ಅಡುಗೆಗೆ ಕೈ ಬೇಕಿತ್ತು. ನಾನು ಹಂಚಿನ ಮುಂದೆ ಕುಳಿತೆ. ಪರಾತದಲ್ಲಿ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಬರಿಗೈಯಿಂದ ತಿರುವಿದೆ. ಮೊದಲನೆಯದು ಎಂದಿನ ಹಾಗೆ ಬೆಳ್ಳಗೆ ಉಳಿಯಿತು, ಅಂಚು ಸೀಳಿತು. ಬುಟ್ಟಿಯ ತಳಕ್ಕೆ ಹಾಕಿದೆ. ಅರ್ಧಕ್ಕೇ ಬುಟ್ಟಿ ತುಂಬಿತು. ಯಾರೋ ಅಟ್ಟದಿಂದ ದೊಡ್ಡ ಬುಟ್ಟಿ ಇಳಿಸಿ ಕೊಟ್ಟರು. ನಾನು ರೊಟ್ಟಿಯ ಇಡೀ ಒಟ್ಟಿಲನ್ನು ತಳದಿಂದ ಎರಡೂ ಕೈಯಲ್ಲಿ ಹಿಡಿದು, ಒಂದರ ಜಾಗವೂ ಬದಲಾಗದ ಹಾಗೆ, ದೊಡ್ಡದಕ್ಕೆ ಸರಿಸಿದೆ. ಬೆರಳು ಸುಡುತ್ತಿತ್ತು. ಪಂಕ್ತಿಯ ಮೇಲೆ ಪಂಕ್ತಿ ಉಂಡು ಎದ್ದರು.

ಎಲ್ಲರದೂ ಆದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಬುಟ್ಟಿಯಲ್ಲಿ ಒಂದೇ ರೊಟ್ಟಿ ಉಳಿದಿತ್ತು. ಹಿಂಡಿ ಹಚ್ಚಿಕೊಂಡು ಮುರಿಯುತ್ತಿದ್ದೆ. ಮೇಡಂ ಅವರ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಆಪರೇಷನ್ ಆದ ಮೇಲೆ ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ನನ್ನ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದರು, ಬರಿದಾದ ಬುಟ್ಟಿಯನ್ನು ನೋಡಿದರು.

"ತಳದ ರೊಟ್ಟಿ ನೀ ಯಾಕ ಉಣ್ತಿ ಯವ್ವಾ? ಅದು ಆಕಿ ಪಾಲಿಂದಲ್ಲ?"

"ಈಗ ನಂದ್ರೀ ಅಮ್ಮ," ಎಂದೆ. ಆ ತಣ್ಣನೆಯ ರೊಟ್ಟಿಯನ್ನು ಒಂದು ಚೂರೂ ಬಿಡದೆ ಉಂಡೆ.